ಶರಾವತಿ ಕಣಿವೆಯ ಜಮಾ-ಖರ್ಚು



ಮೊದಲೆಲ್ಲ ಊರಿಂದ ಫೋನ್ ಬಂದರೆ ಎರಡೇ ಮಾತು. ಮಳೆ ಹೇಗಿದೆ, ಅಡಿಕೆ ರೇಟು ಎಷ್ಟಿದೆ. ಈಚೆಗೆ ಮೂರನೇದೊಂದು ಸೇರಿಕೊಂಡಿದೆ: ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಹೊನ್ನಾವರ, ಸಿದ್ದಾಪುರ, ಸಾಗರ ಕಡೆಯವರು ನಮ್ಮ ಬಳಗದಲ್ಲಿ ಸಾಕಷ್ಟು ಜನ ಇದ್ದೀರಿ. ಶಿಪ್‌ಯಾರ್ಡಿನವರು, ಕಟ್ಟಡದ ಕೆಲಸದವರು, ನಮ್ಮಂಥ ಆಫೀಸಿನವರು, ಎಲ್ಲರ ಮನೆಯಲ್ಲೂ ಇದೇ ಚರ್ಚೆ. ಮನೆಯೊಳಗೇ ಎರಡು ಪಕ್ಷ ಆಗಿದೆ ಅಂತ ಕೇಳ್ತೇವೆ. ನಮ್ಮ ಮನೆಯಲ್ಲೂ ಆಗಿದೆ. ನಮ್ಮ ದೊಡ್ಡಪ್ಪನ ಮಗ ನೇರವಾಗಿ ಕೇಳಿಯೇ ಬಿಟ್ಟ: "ನಿಮಗೆ ಅಲ್ಲಿ ಒಂದು ನಿಮಿಷ ಕರೆಂಟ್ ಹೋಗೋದಿಲ್ಲ. ಇಲ್ಲಿ ನಾವು ಮಂಗನ ಸಲುವಾಗಿ ಕತ್ತಲಲ್ಲಿ ಕೂರಬೇಕಾ?"

ಪ್ರಶ್ನೆ ಸರಿಯಾಗೇ ಇದೆ, ಹಾರಿಕೆ ಉತ್ತರ ಕೊಡುವ ಹಾಗಿಲ್ಲ. ನಾವು ಗಿಡ-ಮರದ ಶಾಸ್ತ್ರ ಓದಿದವರಲ್ಲ. ಬಿ.ಕಾಂ. ಮಾಡಿ, ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ಹಾಗಾಗಿ ನಮಗೆ ಗೊತ್ತಿರುವ ರೀತಿಯಲ್ಲೇ ನೋಡೋಣ. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ಮೊದಲು ಜಮಾ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಕೆಳಗೆ ಬಿದ್ದು, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಈ ಹೊಳೆ ಹರಿಯುವುದು ಬರೀ 128 ಕಿಲೋಮೀಟರ್ ಆಸುಪಾಸು. ಇಷ್ಟು ಸಣ್ಣ ಹೊಳೆ ಕರ್ನಾಟಕಕ್ಕೆ ಕೊಟ್ಟದ್ದು ಸಣ್ಣದಲ್ಲ. 1948ರಲ್ಲಿ ಜೋಗದ ಬುಡದಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ ಒಂದರದ್ದೇ ಸಾಮರ್ಥ್ಯ 1,035 ಮೆಗಾವ್ಯಾಟ್. ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟು, ಇನ್ನೊಂದು 240 ಮೆಗಾವ್ಯಾಟ್. ಬೆಂಗಳೂರಿನ ಕಾರ್ಖಾನೆಗಳು ತಿರುಗಿದ್ದು, ಹಳ್ಳಿಯ ಪಂಪ್‌ಸೆಟ್ ಓಡಿದ್ದು, ನಾವು ರಾತ್ರಿ ಕೂತು ಬಿ.ಕಾಂ. ಪರೀಕ್ಷೆಗೆ ಓದಿದ್ದು, ಎಲ್ಲ ಇದರಲ್ಲೇ. ಈ ಉಪಕಾರ ಮರೆತು ಮಾತಾಡುವುದು ಸಲ್ಲ.

ಈಗ ಖರ್ಚು. ನಮ್ಮ ಅಮ್ಮನ ತವರುಮನೆ ಲಿಂಗನಮಕ್ಕಿ ನೀರಿನಡಿ ಇದೆ. ಗದ್ದೆ, ತೋಟ, ದೇವರ ಕಟ್ಟೆ, ಬಾವಿ ಎಲ್ಲಾ ಸೇರಿ. ಬೇಸಿಗೆಯಲ್ಲಿ ನೀರು ಇಳಿದಾಗ ಆಗಿನ ಕಾಲದ ಮರದ ಬೊಡ್ಡೆಗಳು ಕಪ್ಪಗೆ ಎದ್ದು ಕಾಣುತ್ತವೆ, ನೋಡಿದವರಿಗೆ ಗೊತ್ತು. ಹಾಗೆ ಎದ್ದು ಹೋದ ಸಾವಿರಾರು ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಅಲ್ಲಲ್ಲಿ ಕೂರಿಸಿದರು. ಅವರಲ್ಲಿ ಎಷ್ಟೋ ಮನೆಯವರು ಅರವತ್ತು ವರ್ಷ ಕಳೆದರೂ ಕೊಟ್ಟ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಲೇ ಇದ್ದಾರೆ. ಸರ್ಕಾರದ ಪುಸ್ತಕದಲ್ಲಿ ಆ ಖಾತೆ ಯಾವಾಗಲೋ ಮುಗಿದಿದೆ. ಜನರ ಬದುಕಿನಲ್ಲಿ ಮುಗಿದಿಲ್ಲ. ಅಂದರೆ ಈ ಕಣಿವೆ ಒಮ್ಮೆ ಪೂರ್ತಿ ಬೆಲೆ ತೆತ್ತಾಗಿದೆ. ಈಗ ಕೇಳುತ್ತಿರುವುದು ಎರಡನೇ ಕಂತು.

ಆ ಎರಡನೇ ಕಂತು ಏನು ಅಂತ ತಿಳಿಯದವರಿಗೆ ಎರಡು ಮಾತು. ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಎರಡೂ ಈಗಾಗಲೇ ಇವೆ. ಇವೆರಡರ ನಡುವೆ ಗುಡ್ಡದೊಳಗೆ ಸುರಂಗ ಕೊರೆದು, ನೆಲದಡಿಯಲ್ಲಿ ವಿದ್ಯುದಾಗಾರ ಕಟ್ಟುವುದು. ಕರೆಂಟ್ ಹೆಚ್ಚಿದ್ದಾಗ ಕೆಳಗಿನ ನೀರನ್ನು ಮೇಲೆ ಎತ್ತುವುದು, ಸಂಜೆ ಎಲ್ಲರೂ ದೀಪ ಹಾಕುವ ಹೊತ್ತಿಗೆ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಸಾಮರ್ಥ್ಯ 2,000 ಮೆಗಾವ್ಯಾಟ್. ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. 2025ರಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಇದಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಊರಿನವರು ಹೋಗಿ ಬಲವಾಗಿ ವಿರೋಧಿಸಿದರು.

ಇಲ್ಲಿ ಒಂದು ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಇಂಥ ಯೋಜನೆ ಹೊಸ ಕರೆಂಟ್ ಹುಟ್ಟಿಸುವುದಿಲ್ಲ. ನೀರು ಎತ್ತಲು ನೂರು ಯೂನಿಟ್ ಹಾಕಿದರೆ, ಇಳಿಸುವಾಗ ಮರಳಿ ಸಿಗುವುದು 75ರಿಂದ 80 ಯೂನಿಟ್. ಇದು ಬ್ಯಾಂಕಿನ ಹಾಗೆ, ಗದ್ದೆಯ ಹಾಗಲ್ಲ. ಇಟ್ಟದ್ದನ್ನು ಸ್ವಲ್ಪ ಮುರಿದುಕೊಂಡು ವಾಪಸ್ ಕೊಡುತ್ತದೆ. ಹಾಗಂತ ಇದು ದಂಡ ಅಂತಲೂ ಅಲ್ಲ. ಹಗಲು ಸೋಲಾರ್ ಕರೆಂಟ್ ಜಾಸ್ತಿ ಬರುವ ಕಾಲದಲ್ಲಿ ಅದನ್ನು ಸಂಜೆಗೆ ಕಾಪಿಡಲು ಇಂಥದ್ದೊಂದು ಬ್ಯಾಂಕು ಬೇಕೇ ಬೇಕು. ಪ್ರಶ್ನೆ ಇರುವುದು ಆ ಬ್ಯಾಂಕನ್ನು ಯಾರ ಮನೆ ಒಡೆದು ಕಟ್ಟುತ್ತೇವೆ ಅನ್ನುವುದರಲ್ಲಿ.

ಯಾರ ಮನೆ ಅಂದರೆ, ಸಿಂಗಳೀಕನ ಮನೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಕುಚ್ಚು ಇರುವ ಬಾಲ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಈ ಜಾತಿ ಕಾಡಿನಲ್ಲಿ ಇಲ್ಲ. ಇರುವುದೇ ಕೆಲವು ಸಾವಿರ. ಎಚ್.ಎನ್. ಕುಮಾರ, ಮೇವಾ ಸಿಂಗ್ ಮುಂತಾದ ಸಂಶೋಧಕರು ಶಿರಸಿ-ಹೊನ್ನಾವರದ ಕಾಡಿನಲ್ಲಿ ಸುತ್ತಿ ಎಣಿಸಿದಾಗ ಮೂವತ್ತಕ್ಕೂ ಹೆಚ್ಚು ಗುಂಪು, ಆರುನೂರಕ್ಕೂ ಹೆಚ್ಚು ಪ್ರಾಣಿಗಳು ಸಿಕ್ಕವು. ಅದಕ್ಕೇ 2019ರಲ್ಲಿ ಸರ್ಕಾರವೇ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನು ಹಿಗ್ಗಿಸಿ, ಅಘನಾಶಿನಿ ಕಡೆಯ ಕಾಡನ್ನೂ ಸೇರಿಸಿ, ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಅಂತ ಘೋಷಿಸಿತು.

ಸಿಂಗಳೀಕ ನಮ್ಮ ಮನೆ ಹೆಂಚು ತೆಗೆಯುವ ಮಂಗನಲ್ಲ. ಅದರ ಬಾಳೆಲ್ಲ ಮರದ ಮೇಲೆ. ಒಂದು ಮರದ ಕೊಂಬೆಯಿಂದ ಇನ್ನೊಂದರ ಕೊಂಬೆಗೆ ದಾಟುತ್ತಾ ಹಣ್ಣು, ಹುಳ ಹುಡುಕುತ್ತದೆ. ಎರಡು-ಮೂರು ವರ್ಷಕ್ಕೊಮ್ಮೆ ಒಂದು ಮರಿ. ಕಾಡಿನ ಮೇಲ್ಚಾವಣಿ ಎಲ್ಲಿ ಕಡಿದು ಹೋಗುತ್ತದೋ ಅಲ್ಲಿಗೆ ಅದರ ದಾರಿ ಮುಗಿಯಿತು.

ಕೆಳಗೂ ಬೇಕಾದಷ್ಟಿದೆ. ಹೊನ್ನಾವರದಿಂದ ಘಟ್ಟ ಹತ್ತಿ ಜೋಗದ ಕಡೆ ಹೋಗುವಾಗ ಕತ್ತಲೆಕಾನು ಅಂತ ಬರುತ್ತದೆ, ಬಸ್ಸಿನಲ್ಲಿ ಹೋಗುವಾಗ ಮಧ್ಯಾಹ್ನವೇ ಲೈಟ್ ಹಾಕಬೇಕು ಅನ್ನಿಸುವ ಜಾಗ. ಅಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಿದೆ. ವರ್ಷವಿಡೀ ನೀರಿನಲ್ಲಿ ನಿಲ್ಲುವ ಮರಗಳು, ಉಸಿರಾಡಲು ಬೇರುಗಳನ್ನು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಎತ್ತಿಕೊಂಡಿರುತ್ತವೆ. ನಮ್ಮ ಗೇರುಮರದ ಸಂಬಂಧಿಯಾದ ಒಂದು ದೊಡ್ಡ ಮರವನ್ನು ಇಲ್ಲಿ ಹೊಸ ಜಾತಿ ಅಂತ ಗುರುತಿಸಿ, 2000ನೇ ಇಸವಿಯಲ್ಲಿ ಊರಿನ ಹೆಸರೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಯೋಚನೆ ಮಾಡಿ, ಅಷ್ಟು ಎತ್ತರದ ಮರವೊಂದು ರಸ್ತೆಯಿಂದ ಕೂಗಳತೆಯಲ್ಲಿ ನಿಂತಿತ್ತು, ಅದಕ್ಕೊಂದು ಹೆಸರು ಸಿಗಲು ಇಪ್ಪತ್ತೊಂದನೇ ಶತಮಾನ ಹತ್ತಿರ ಬರಬೇಕಾಯಿತು. ಇನ್ನೂ ಏನೇನಿದೆಯೋ! ಪಟ್ಟಿಯೇ ಪೂರ್ತಿ ಆಗದ ಆಸ್ತಿಗೆ ಬೆಲೆ ಕಟ್ಟುವ ಧೈರ್ಯ ಯಾವ ಲೆಕ್ಕಿಗನೂ ಮಾಡಬಾರದು.

ಇಲ್ಲಿ ನಮ್ಮ ದಾಯಾದಿ ಒಂದು ಗಟ್ಟಿ ಪಾಯಿಂಟ್ ಹಾಕಿದ. "ಯೋಜನೆಗೆ ಬೇಕಾದ ಕಾಡು ಬರೀ 54 ಹೆಕ್ಟೇರ್. ಅಭಯಾರಣ್ಯ 93,000 ಹೆಕ್ಟೇರ್. ನೀನೇ ಲೆಕ್ಕದವನಲ್ವಾ, ಹೇಳು." ಹೇಳಿದೆವು. ನೂರು ರೂಪಾಯಿಯಲ್ಲಿ ಆರು ಪೈಸೆ. ಆರು ಪೈಸೆಗೆ ಇಷ್ಟು ಗಲಾಟೆಯಾ ಅಂತ ಯಾರಿಗಾದರೂ ಅನ್ನಿಸುವುದೇ. ಆದರೆ ಈ ಆರು ಪೈಸೆ ಲೆಕ್ಕ ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ನಾವು ನೀವು ದಿನಾ ಓಡಾಡುವ ಈ ಸಿಂಗಾಪುರದಲ್ಲೇ ಇದೆ.

ಬುಕಿತ್ ತಿಮಾ ಗುಡ್ಡ ಗೊತ್ತಲ್ಲ. ರಜೆ ದಿನ ಹತ್ತಿ ಇಳಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಇಡೀ ದ್ವೀಪ ಒಂದು ಕಾಲಕ್ಕೆ ಹಾಗೇ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಗ್ಯಾಂಬಿಯರ್ ಮತ್ತು ಕಾಳುಮೆಣಸಿನ ತೋಟಕ್ಕೆ ಅಂತ ಕಡಿಯುತ್ತಾ ಹೋದರು. ಗ್ಯಾಂಬಿಯರ್ ಎಲೆ ಕುದಿಸಲು ಸೌದೆ ಬೇಕು, ಸೌದೆ ಮುಗಿದರೆ ಮುಂದಿನ ಕಾಡಿಗೆ ಹೋಗು, ಹೀಗೆ. ಕಡಿದವರು ನಮ್ಮ ಹಾಗೇ ಸಮುದ್ರ ದಾಟಿ ಬಂದ ಬಡ ಕೂಲಿಗಳು. ಅವರನ್ನು ಏನೂ ಅನ್ನುವ ಹಾಗಿಲ್ಲ, ಎಷ್ಟೋ ಮಂದಿ ಆ ತೋಟಗಳಲ್ಲಿ ಹುಲಿಯ ಬಾಯಿಗೂ ಬಿದ್ದರು. 1883ರ ಹೊತ್ತಿಗೆ ಬ್ರಿಟಿಷ್ ಸರ್ಕಾರಕ್ಕೆ ಎಚ್ಚರ ಆಗಿ ಕೆಲವು ಜಾಗ ಮೀಸಲಿಟ್ಟರು. 1930ರ ದಶಕದ ನಂತರ ಹುಲಿ ಇಲ್ಲ. ಮೂಲ ಕಾಡು ಈಗ ನೂರಕ್ಕೆ ಒಂದು ಪಾಲೂ ಉಳಿದಿಲ್ಲ. ಬುಕಿತ್ ತಿಮಾದ ಮೀಸಲು ಕಾಡು ಎಷ್ಟು ಗೊತ್ತಾ? ಸುಮಾರು 163 ಹೆಕ್ಟೇರ್.

ಆ ಚೂರಿನ ಪಕ್ಕದಲ್ಲಿ 1980ರ ದಶಕದಲ್ಲಿ ಬಿ.ಕೆ.ಇ. ಹೆದ್ದಾರಿ ಬಂತು. ರಸ್ತೆ ನುಂಗಿದ ಜಾಗ ಹೆಚ್ಚಲ್ಲ. ಆರು ಪೈಸೆ ಲೆಕ್ಕ ಹಾಕಿದವರು ಅಲ್ಲೂ ಇದ್ದಿರಬಹುದು. ಆದರೆ ಬುಕಿತ್ ತಿಮಾ ಒಂದು ಕಡೆ, ನಡುವಿನ ದೊಡ್ಡ ಜಲಾನಯನ ಕಾಡು ಇನ್ನೊಂದು ಕಡೆ, ಎರಡು ಹೋಳಾಯಿತು. ಪ್ಯಾಂಗೋಲಿನ್, ಅಂದರೆ ನಮ್ಮ ಚಿಪ್ಪುಹಂದಿಯ ಸೋದರ, ದಾಟಲು ಹೋಗಿ ಗಾಡಿಗೆ ಸಿಕ್ಕಿ ಸಾಯತೊಡಗಿತು. ಕೊನೆಗೆ 2013ರಲ್ಲಿ ರಸ್ತೆಯ ಮೇಲೆ ಪ್ರಾಣಿಗಳಿಗೆ ಅಂತಲೇ ಒಂದು ಸೇತುವೆ ಕಟ್ಟಿ, ಮಣ್ಣು ತುಂಬಿ, ಗಿಡ ನೆಟ್ಟರು. ಉದ್ದ 62 ಮೀಟರ್. ಖರ್ಚು ಸುಮಾರು 1.6 ಕೋಟಿ ಸಿಂಗಾಪುರ ಡಾಲರ್. ಹಾಗೇ ಹಳೆಯ ಅಪ್ಪರ್ ಥಾಮ್ಸನ್ ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಿದ್ದಾರೆ. ಅದು ಪಟ್ಟೆ ಲಂಗೂರ್ ಅನ್ನುವ ಕಪ್ಪು ಮುಸುವನಿಗೆ. ಅದೂ ನಮ್ಮ ಸಿಂಗಳೀಕನ ಹಾಗೆ ಮರದ ಮೇಲಿನ ಪ್ರಾಣಿ, ಇಡೀ ದೇಶದಲ್ಲಿ ನೂರು ಕೂಡ ಇಲ್ಲ.

ಮಂಗಟ್ಟೆ ಹಕ್ಕಿಯ ಕಥೆಯೂ ಅಷ್ಟೇ. ಸಿಂಗಾಪುರದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಮಂಗಟ್ಟೆಯೂ ಇರಲಿಲ್ಲ. 1994ರಲ್ಲಿ ಪುಲಾವ್ ಉಬಿನ್‌ನಲ್ಲಿ ಕಾಣಿಸಿಕೊಂಡಿತು. ಮಂಗಟ್ಟೆಗೆ ಗೂಡು ಕಟ್ಟಲು ಬರುವುದಿಲ್ಲ, ಹಳೇ ದೊಡ್ಡ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕೂತು ಬಾಗಿಲು ಮೆತ್ತಿಕೊಳ್ಳುತ್ತದೆ, ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಬಿರುಕಿನಿಂದ ಕೊಡುತ್ತದೆ. ಪೊಟರೆ ಇರುವಂಥ ಮರ ಇಲ್ಲಿ ಸಾಕಷ್ಟು ಉಳಿದಿರಲಿಲ್ಲ. ಹಾಗಾಗಿ ಮನುಷ್ಯರೇ ಪೆಟ್ಟಿಗೆ ಮಾಡಿ ಮರಕ್ಕೆ ಕಟ್ಟಬೇಕಾಯಿತು. ನಮ್ಮ ಊರಿನ ಕಾನಿನಲ್ಲಿ ಆ ಪೊಟರೆ ಪುಕ್ಕಟೆ ಇದೆ.

ಇಷ್ಟು ಶ್ರೀಮಂತ ದೇಶ, ಇಷ್ಟು ಶಿಸ್ತಿನ ದೇಶ, ಕೋಟಿಗಟ್ಟಲೆ ಡಾಲರ್ ಸುರಿದು ವಾಪಸ್ ಕೊಂಡುಕೊಳ್ಳಲು ಆದದ್ದು ಇಷ್ಟೇ: ಒಂದು ಸೇತುವೆ, ನಾಲ್ಕು ಹಗ್ಗ, ಕೆಲವು ಪೆಟ್ಟಿಗೆ. ಅದನ್ನಾದರೂ ಮಾಡಿದರಲ್ಲ ಅಂತ ನಾವು ಮೆಚ್ಚುತ್ತೇವೆ. ಕ್ರಾಸ್ ಐಲ್ಯಾಂಡ್ ಮೆಟ್ರೋ ಲೈನು ಇದೇ ಕಾಡಿನ ಅಡಿಯಲ್ಲಿ ಹೋಗುವ ಪ್ರಸ್ತಾಪ ಬಂದದ್ದು 2013ರಲ್ಲಿ. ಕಾಡು ಸುತ್ತಿಕೊಂಡು ಹೋಗುವ ದಾರಿಯನ್ನೂ ಪಕ್ಕದಲ್ಲಿ ಇಟ್ಟು ತೂಗಿ ನೋಡಿ, ನಿಸರ್ಗ ಪ್ರೇಮಿಗಳ ಜೊತೆ ವರ್ಷಗಟ್ಟಲೆ ಕೂತು ಮಾತಾಡಿ, 2019ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿದರು. ಸುರಂಗವೇ, ಆದರೆ 70 ಮೀಟರ್ ಆಳದಲ್ಲಿ. ಮಣ್ಣು ಪರೀಕ್ಷೆಗೆ ಕೊರೆಯುವ ತೂತುಗಳನ್ನೂ ಕಡಿಮೆ ಮಾಡಿಸಿದರು. ಉಳಿದಿರುವುದು ಇಷ್ಟೇ ಅಂತ ಗೊತ್ತಿದ್ದವನು ಹೀಗೆ ಖರ್ಚು ಮಾಡುತ್ತಾನೆ. ನಮ್ಮ ಕಡೆ ಇನ್ನೂ ಇದೆ ಅನ್ನುವ ಧೈರ್ಯಕ್ಕೆ ಕೈ ಸಡಿಲ.

ನಮ್ಮ ಲೆಕ್ಕಶಾಸ್ತ್ರದಲ್ಲಿ ಸವಕಳಿ ಅಂತ ಒಂದಿದೆ. ಮಿಷನ್ ಹತ್ತು ವರ್ಷಕ್ಕೆ ಸವೆಯುತ್ತದೆ, ಅಷ್ಟರಲ್ಲಿ ದುಡ್ಡು ಕೂಡಿಟ್ಟು ಹೊಸದು ತರುತ್ತೇವೆ. ಕಡಿದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ನೆಡುತ್ತೇವೆ ಅನ್ನುವವರು ಕಾಡನ್ನು ಈ ಮಿಷನ್ ಕಾಲಮ್ಮಿನಲ್ಲಿ ಬರೆದಿದ್ದಾರೆ. ಬಯಲಲ್ಲಿ ನೆಟ್ಟ ಅಕೇಶಿಯಾ ಸಾಲಿನಲ್ಲಿ ರಾಮಪತ್ರೆ ಹುಟ್ಟುವುದಿಲ್ಲ, ಸಿಂಗಳೀಕ ಅಲ್ಲಿಗೆ ಬಸ್ ಹತ್ತಿ ಹೋಗುವುದಿಲ್ಲ. ದುಡಿದು ವಾಪಸ್ ತರಬಹುದಾದದ್ದು, ಎಷ್ಟು ದುಡಿದರೂ ತರಲಾಗದ್ದು, ಇವೆರಡನ್ನು ಒಂದೇ ಕಾಲಮ್ಮಿನಲ್ಲಿ ಕೂಡಬಾರದು. ಕೂಡಿದರೆ ಮೊತ್ತ ಯಾವಾಗಲೂ ಆರು ಪೈಸೆ ಅಂತಲೇ ಬರುತ್ತದೆ. ಈ ಲೇಖನದಲ್ಲಿ ನಾವು ಹೇಳಬೇಕಾದದ್ದು ಇದೊಂದೇ.

ಇದು ಪೇಟೆಯವರ ಶೋಕಿ ಮಾತು ಅಂತ ತಿಳಿಯಬೇಡಿ. ಈ ಥರ ಲೆಕ್ಕ ಹಾಕಿದವರು ನಮ್ಮ ಜಿಲ್ಲೆಯ ರೈತರೇ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿಯ ಅಡಿಕೆ ತೋಟಗಾರರ ಸಹಕಾರಿ ಸಂಘ 1981ರಲ್ಲಿ ವಿಜ್ಞಾನಿಗಳನ್ನು, ಇಂಜಿನಿಯರುಗಳನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಘೋಷಣೆ ಕೂಗುವ ಬದಲು ಲಾಭ-ನಷ್ಟದ ಪಟ್ಟಿಯನ್ನೇ ಮುಂದಿಟ್ಟು ಚರ್ಚೆ ಮಾಡಿದರು. ಆ ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯವರು ಕಳಾಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು, ಅಪ್ಪಿಕೋ ಚಳವಳಿ ಅಂತ ಆಯಿತು. ಪಕ್ಕದ ಕೇರಳದಲ್ಲಿ ಕುಂತಿಪುಳ ಹೊಳೆಗೆ ಅಣೆಕಟ್ಟು ಬೇಡ ಅಂತ ನಡೆದ ಹೋರಾಟದಿಂದ 1984ರಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನ ಆಯಿತು. ಅಲ್ಲೂ ಮುಖ್ಯ ಸಾಕ್ಷಿ ಇದೇ ಸಿಂಗಳೀಕ. ಆವತ್ತು ನಿಲ್ಲಿಸಿದ್ದರಿಂದ ಕೇರಳ ಕತ್ತಲಾಗಲಿಲ್ಲ, ಶಿರಸಿಯೂ ಕತ್ತಲಾಗಲಿಲ್ಲ.

ದಾಯಾದಿಗೆ ನಾವು ಹೇಳಿದ್ದು ಹೀಗೆ. ಕರೆಂಟ್ ಬೇಡ ಅಂತಲ್ಲ ಮಾರಾಯಾ. ಆಂಧ್ರದ ಕರ್ನೂಲು ಕಡೆ ಪಿನ್ನಾಪುರಂನಲ್ಲಿ ಇದೇ ಥರದ ಯೋಜನೆಯನ್ನು ಹೊಳೆ ಬಿಟ್ಟು ದೂರದ ಒಣ ಗುಡ್ಡದಲ್ಲಿ ಕಟ್ಟಿದ್ದಾರೆ. ಮಳೆಕಾಡು ಇಲ್ಲದ ಜಾಗ ಕರ್ನಾಟಕದಲ್ಲೂ ಇದೆ, ಮೊದಲು ಅದನ್ನು ನೋಡಲಿ. ಇನ್ನು ಕೆಲಸ ಸಿಗುತ್ತದೆ ಅನ್ನುವ ಆಸೆ. ಇಲ್ಲಿ ಸುರಂಗದ ಸೈಟಿನಲ್ಲಿ ದುಡಿದ ನಮ್ಮ ಹುಡುಗರನ್ನು ಕೇಳಿ. ಕೊರೆಯುವ ತನಕ ಸಾವಿರ ಜನ, ಕೊರೆದಾದ ಮೇಲೆ ಸಾಮಾನು ಕಟ್ಟು, ಮುಂದಿನ ಸೈಟಿಗೆ ನಡೆ. ಆಮೇಲೆ ಕಂಟ್ರೋಲ್ ರೂಮಿನಲ್ಲಿ ಕೂರುವವರು ಕೆಲವೇ ಜನ. ಜೊತೆಗೆ ಗುಡ್ಡದ ಭಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದದ್ದು, ಜನ ಹೋದದ್ದು ಕಣ್ಣ ಮುಂದೆ ಇದೆ. ಅಂಥ ಮಳೆಯ ಸೀಮೆಯಲ್ಲಿ ಇನ್ನೊಂದು ಗುಡ್ಡದೊಳಗೆ ಸ್ಫೋಟ ಮಾಡುವ ಮೊದಲು ಕೆಳಗೆ ಮಲಗುವವರನ್ನು ಕೇಳಬೇಕು ತಾನೇ?

ಅವನು ಪೂರ್ತಿ ಒಪ್ಪಿಲ್ಲ. ಅವನಿಗೂ ಇಬ್ಬರು ಮಕ್ಕಳು, ಊರಲ್ಲಿ ದುಡಿಮೆ ಇಲ್ಲ ಅನ್ನುವ ಅವನ ಸಂಕಟ ಸುಳ್ಳಲ್ಲ. ಊರಲ್ಲಿ ದುಡಿಮೆ ಇದ್ದಿದ್ದರೆ ನಾವೂ ಇಲ್ಲಿ ಇರುತ್ತಿರಲಿಲ್ಲ.

ದೂರ ಕೂತವರಿಗೆ ಮಾತಾಡುವ ಹಕ್ಕಿದೆಯಾ ಅಂತ ಕೆಲವರು ಕೇಳುತ್ತೀರಿ. ತಿಂಗಳು ತಿಂಗಳು ಊರಿಗೆ ದುಡ್ಡು ಹೋಗುವುದು ಇಲ್ಲಿಂದಲೇ. ಆ ದುಡ್ಡಿಗೊಂದು ನಾಲಿಗೆಯೂ ಇದೆ. ಮನೆ ಕಟ್ಟುವಾಗ, ತೋಟ ಹಿಗ್ಗಿಸುವಾಗ ಮನೆಯವರು ನಮ್ಮನ್ನು ಕೇಳಿಯೇ ಕೇಳುತ್ತಾರೆ. ಆಗ ಹೇಳಬಹುದಾದ ನಾಲ್ಕು ಮಾತು ಇಲ್ಲಿವೆ.

ಸೊಪ್ಪಿನ ಬೆಟ್ಟದಲ್ಲಿ ಪೊಟರೆ ಇರುವ ಹಳೇ ಮರ ಇದ್ದರೆ ಬಿಡಲು ಹೇಳಿ, ಅದು ಮಂಗಟ್ಟೆಯ ಮನೆ. ಉಪ್ಪಾಗೆ ಕೊಯ್ಯುವಾಗ ಕೊಂಬೆ ಕಡಿದು ಬೀಳಿಸುವುದು ಬೇಡ, ಹಣ್ಣಾಗಿ ಬಿದ್ದದ್ದನ್ನು ಆರಿಸಿದರೆ ಸಾಕು. ಸಿಂಗಳೀಕನೂ ಅದನ್ನೇ ತಿನ್ನುತ್ತದೆ, ಮರಕ್ಕೊಂದಿಷ್ಟು ಬಿಡಿ. ರಜೆಗೆ ಹೋದಾಗ ಗೇರುಸೊಪ್ಪೆ ಘಾಟಿಯಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಹಾಕಬೇಡಿ. ಇಲ್ಲಿ ಮ್ಯಾಕ್‌ರಿಚೀಯಲ್ಲಿ ಹಾಕಿದರೆ ದಂಡ ಅಂತ ಕೈ ಕಟ್ಟಿ ನಡೆಯುತ್ತೇವಲ್ಲ, ಅಲ್ಲೂ ಹಾಗೇ ನಡೆಯೋಣ. ಮುಖ್ಯವಾಗಿ, ಗ್ರಾಮಸಭೆ ಅಥವಾ ಅಹವಾಲು ಸಭೆ ಕರೆದರೆ ಮನೆಯಿಂದ ಒಬ್ಬರಾದರೂ ಹೋಗಲಿ. ಪರ ಇರಲಿ ವಿರೋಧ ಇರಲಿ, ಮಾತು ಬರಹದಲ್ಲಿ ದಾಖಲಾಗಲಿ. ದಾಖಲೆಯಲ್ಲಿ ಇಲ್ಲದ್ದು ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಇದು ನಮ್ಮ ವೃತ್ತಿಯ ಅನುಭವ.

ಮಕ್ಕಳು ಇಲ್ಲೇ ಬೆಳೆಯುತ್ತಿರುವವರು ಒಂದು ಭಾನುವಾರ ಅವರನ್ನು ಬುಕಿತ್ ತಿಮಾಕ್ಕೆ ಕರೆದುಕೊಂಡು ಹೋಗಿ. ಅಲ್ಲಿನ ಝರಿಯಲ್ಲಿ ಹೆಬ್ಬೆರಳಿನಷ್ಟು ಸಣ್ಣ ಏಡಿ ಇದೆ, ಸಿಂಗಾಪುರ ಬಿಟ್ಟು ಜಗತ್ತಿನಲ್ಲಿ ಎಲ್ಲೂ ಇಲ್ಲ. 1986ರಲ್ಲಷ್ಟೇ ಅದಕ್ಕೆ ಹೆಸರು ಸಿಕ್ಕಿದ್ದು. ಈಗ ಅದನ್ನು ಉಳಿಸಲು ದೊಡ್ಡ ದೊಡ್ಡವರು ಸೇರಿ ಒದ್ದಾಡುತ್ತಿದ್ದಾರೆ. ಏಡಿ ಕಣ್ಣಿಗೆ ಬೀಳುವುದು ಕಷ್ಟ, ಝರಿ ತೋರಿಸಿದರೂ ಸಾಕು. ಮಕ್ಕಳಿಗೆ ಹೇಳಿ, ಇಂಥ ಝರಿಗಳು ನಮ್ಮ ಅಜ್ಜನ ಊರಲ್ಲಿ ನೂರಾರಿವೆ, ಎಲ್ಲ ಸೇರಿ ಶರಾವತಿ ಆಗುತ್ತದೆ, ಬರುವ ರಜೆಯಲ್ಲಿ ನೋಡೋಣ ಅಂತ. ಹೋದಾಗ ಜೋಗ ಒಂದನ್ನೇ ನೋಡಿ ವಾಪಸ್ ಬರಬೇಡಿ, ಕತ್ತಲೆಕಾನಿನ ಹತ್ತಿರ ಹತ್ತು ನಿಮಿಷ ಗಾಡಿ ಆಫ್ ಮಾಡಿ ಸುಮ್ಮನೆ ನಿಲ್ಲಿ. ಗೇರುಸೊಪ್ಪೆ ಆಸುಪಾಸಿನವರು ಯಾರಾದರೂ ಹೊಸ ಸುದ್ದಿ ತಿಳಿದರೆ ಬಳಗಕ್ಕೆ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.